ಉರಿಯದ ಕೋಟು

ನನ್ನ ತಮ್ಮನ ಕೋಟಿಗೆ ಬೆಂಕಿ ಯಾಕೆ ಹೊತ್ತಿತು ಎಂಬುದು ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಅವನು, ಸತ್ತುಹೋದ. ಇನ್ನೊಬ್ಬ ನಾನು. ಮೂರನೆಯವರಿಗೆ, ಅಂದರೆ ನಮ್ಮಮ್ಮನಿಗೆ, ಅದು ಯಾವತ್ತೂ ಗೊತ್ತಾಗಬಾರದು ಅಂತ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಅವನು ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟೆ. ಕೊಡದೆ ಏನು ಮಾಡಲಿ? ಮುಖ ಒಂದು ಬಿಟ್ಟು ಮಿಕ್ಕ ಮೈಗೆಲ್ಲ ಬಿಳಿ ಪಟ್ಟಿ ಸುತ್ತಿಸಿಕೊಂಡು ಮಲಗಿದವನ ಹತ್ತಿರ ವಾದ ಮಾಡಲಿಕ್ಕಾಗುತ್ತದೆಯೇ? ಆ ಮಾತನ್ನು ನಾನು ಎರಡು ತಿಂಗಳು ಹತ್ತು ದಿನ ಉಳಿಸಿಕೊಂಡೆ.

ನಾನು ಸುಡುವ ಕೆಲಸದವನು. ನಗಬೇಡಿ, ಅಂಥದ್ದೊಂದು ಕೆಲಸ ಇದೆ. ನಮ್ಮದು ನಾಟಕದ ರಂಗಮಂದಿರಗಳಿಗೆ, ದೊಡ್ಡ ಸಭಾಂಗಣಗಳಿಗೆ ಪರದೆಯ ಬಟ್ಟೆ ಮಾಡುವ ಕಾರ್ಖಾನೆ. ಅಂಥ ಪರದೆಗೆ ಬೆಂಕಿ ಹತ್ತಿದರೆ ಒಳಗೆ ಕೂತ ಜನರ ಗತಿ ಮುಗಿಯಿತು. ಅದಕ್ಕೆ ಬಟ್ಟೆಯನ್ನು ಒಂದು ಬಗೆಯ ಉಪ್ಪಿನ ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸುತ್ತಾರೆ. ಪ್ರತಿಯೊಂದು ಸುರುಳಿಯಿಂದಲೂ ಒಂದು ಪಟ್ಟಿ ಕತ್ತರಿಸಿ ನನ್ನ ಕೋಣೆಗೆ ಕಳಿಸುತ್ತಾರೆ. ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆಯೊಳಗೆ ಅದನ್ನು ನೇತುಹಾಕಿ, ಕೆಳಗಿನಿಂದ ಹನ್ನೆರಡು ಸೆಕೆಂಡು ಗ್ಯಾಸಿನ ಉರಿ ಹಿಡಿದು, ಉರಿ ತೆಗೆದ ಮೇಲೆ ಎಷ್ಟು ಹೊತ್ತು ಉರಿಯಿತು, ಎಷ್ಟುದ್ದ ಕರಕಾಯಿತು ಅಂತ ಬರೆದಿಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ. ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಕಡ್ಡಿ ಅನ್ನುತ್ತಾರೆ. ಮೈಕಟ್ಟಿಗೂ ಒಪ್ಪುತ್ತದೆ, ಕೆಲಸಕ್ಕೂ ಒಪ್ಪುತ್ತದೆ, ನನ್ನ ಸಿಟ್ಟಿಗೂ ಒಪ್ಪುತ್ತದೆ.

ಬಟ್ಟೆ ಉರಿಯುತ್ತದೆ ಅಂತ ಜನ ತಿಳಿದುಕೊಂಡಿದ್ದಾರೆ. ಇಲ್ಲ ಸ್ವಾಮಿ, ಬಟ್ಟೆ ಉರಿಯುವುದಿಲ್ಲ, ಕಟ್ಟಿಗೆಯೂ ಉರಿಯುವುದಿಲ್ಲ. ಬಿಸಿ ತಾಗಿದಾಗ ಅದರೊಳಗಿನಿಂದ ಒಂದು ಆವಿ ಹೊರಡುತ್ತದೆ, ಜ್ವಾಲೆ ಅನ್ನುವುದು ಆ ಆವಿಯ ಉರಿ. ಆವಿಯನ್ನು ಸಲೀಸಾಗಿ ಬಿಟ್ಟುಕೊಡುವ ವಸ್ತು ಬೇಗ ಹೊತ್ತಿಕೊಳ್ಳುತ್ತದೆ. ಕಲ್ಲು, ಗಾಜಿನ ಹತ್ತಿರ ಕೊಡುವುದಕ್ಕೆ ಏನೂ ಇಲ್ಲ, ಅವು ಸುಮ್ಮನಿರುತ್ತವೆ. ದಪ್ಪ ತೊಲೆಗೆ ಕಡ್ಡಿ ಗೀರಿ ಹಿಡಿದರೆ ಕಡ್ಡಿ ಮುಗಿದು ನಿಮ್ಮ ಬೆರಳು ಸುಡುತ್ತದೆ ಹೊರತು ತೊಲೆಗೆ ಏನೂ ಆಗುವುದಿಲ್ಲ. ಅದೇ ತೊಲೆಯನ್ನು ಕೀಸಿದ ಹೊಟ್ಟಿಗೆ ಹಿಡಿಯಿರಿ, ಭಗ್ ಅನ್ನುತ್ತದೆ. ಮರ ಅದೇ, ಗಾಳಿಗೆ ಒಡ್ಡಿಕೊಂಡ ಮೈ ಜಾಸ್ತಿ, ಅಷ್ಟೇ ವ್ಯತ್ಯಾಸ. ಉಣ್ಣೆ ಹೊತ್ತಿಕೊಳ್ಳಲು ಹಟ ಮಾಡುತ್ತದೆ, ಕೂದಲು ಸುಟ್ಟ ವಾಸನೆ ಬಿಟ್ಟು ತಾನಾಗಿ ಆರುತ್ತದೆ. ನೈಲಾನು ಮುದುಡಿ, ಕರಗಿ, ತೊಟ್ಟಿಕ್ಕುತ್ತದೆ. ಹತ್ತಿ ಮಾತ್ರ ಕರೆದರೆ ಸಾಕು ಎದ್ದು ಹೊರಟುಬಿಡುವ ಜಾತಿ. ಅದರಲ್ಲೂ ನಮ್ಮ ಪರದೆ ಬಟ್ಟೆಯಂತೆ ಮೇಲೆ ಮೆತ್ತಗಿನ ಜುಂಗು ಎಬ್ಬಿಸಿದ ಹತ್ತಿಯಾದರೆ ಕೇಳುವುದೇ ಬೇಡ, ಒಂದೊಂದು ಎಳೆಯ ಸುತ್ತಲೂ ಗಾಳಿ ಇರುತ್ತದೆ, ಉರಿ ಅದರ ಮೇಲೆ ಓಡುತ್ತದೆ.

ನಮ್ಮ ಉಪ್ಪು ಮಾಡುವುದು ಇಷ್ಟು: ಬಿಸಿ ತಾಗಿದ ಜಾಗದಲ್ಲಿ ಹತ್ತಿ ಆವಿಯಾಗಲು ಬಿಡದೆ ಅಲ್ಲೇ ಇದ್ದಿಲು ಮಾಡಿಬಿಡುತ್ತದೆ. ಆವಿ ಇಲ್ಲ, ಹಾಗಾಗಿ ಉರಿಯೂ ಇಲ್ಲ. ಆದರೆ ಎಷ್ಟಾದರೂ ಅದು ಉಪ್ಪು. ನೀರು ಕಂಡರೆ ಕರಗಿ ಹೋಗುತ್ತದೆ. ರಂಗಮಂದಿರದ ಪರದೆಯನ್ನು ಯಾರೂ ಒಗೆಯುವುದಿಲ್ಲ, ಧೂಳು ಹೊಡೆಯುತ್ತಾರೆ, ಅದಕ್ಕೆ ಅಷ್ಟು ಸಾಕು. ಬಟ್ಟೆಯಲ್ಲಿ ಉಪ್ಪು ಇದೆಯೋ ಇಲ್ಲವೋ ಅಂತ ಬೆಂಕಿ ಹಚ್ಚದೆಯೇ ತಿಳಿಯುವ ಒಂದು ಉಪಾಯವನ್ನು ನನ್ನ ಹಳೆಯ ಮೇಲ್ವಿಚಾರಕ ಕಲಿಸಿಕೊಟ್ಟಿದ್ದ. ನಾಲಿಗೆಯ ತುದಿ ತಾಗಿಸುವುದು. ಮಾಡಬಾರದು, ಆದರೂ ನಾವೆಲ್ಲ ಮಾಡುತ್ತೇವೆ. ಸ್ವಲ್ಪ ಕಹಿ, ಸ್ವಲ್ಪ ಉಪ್ಪು ಅನ್ನಿಸಿದರೆ ಬಟ್ಟೆ ಸರಿಯಿದೆ ಅಂತ ಅರ್ಥ.

ಇನ್ನು ನನ್ನ ತಮ್ಮ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಮದುವೆಯಾಗಿರಲಿಲ್ಲ, ಅಮ್ಮನ ಜೊತೆ ಇದ್ದ. ಬಸ್ಸಿಗೆ ಮೈ ಕಟ್ಟುವ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ. ಅಲ್ಲಿ ಅವನನ್ನು ಕಿಡಿ ಅನ್ನುತ್ತಿದ್ದರು. ಅಣ್ಣ ಕಡ್ಡಿ, ತಮ್ಮ ಕಿಡಿ, ಇಬ್ಬರನ್ನೂ ಒಂದೇ ಕಡೆ ಕೂರಿಸಬೇಡಿ ಅಂತ ಅವನೇ ಹೇಳಿ ಅವನೇ ನಗುತ್ತಿದ್ದ. ಬಸ್ಸಿನ ಅಡಿಗೆ ಅಂಗಾತ ಮಲಗಿ ಮೇಲಕ್ಕೆ ಬೆಸುಗೆ ಹಾಕುವ ಕೆಲಸ ಅವನದು, ಕಿಡಿಯೆಲ್ಲ ಎದೆಯ ಮೇಲೇ ಬೀಳುತ್ತಿತ್ತು. ಅವನ ಅಂಗಿಗಳು ಜರಡಿಯಾಗಿದ್ದವು. ಮೈಮೇಲೆ ಕೂಡ ಅಲ್ಲಲ್ಲಿ ಕಾಳಿನಷ್ಟು ಕಲೆಗಳು. ವರ್ಕ್‌ಶಾಪಿನವರು ಕೈಗವಸು ಕೊಡುತ್ತಿದ್ದರು, ಕನ್ನಡಕ ಕೊಡುತ್ತಿದ್ದರು, ಕೋಟು ಮಾತ್ರ ಇವತ್ತು ಬರುತ್ತೆ, ನಾಳೆ ಬರುತ್ತೆ ಅನ್ನುತ್ತಲೇ ಇದ್ದರು.

ನನಗೆ ತಡೆಯಲಾಗಲಿಲ್ಲ. ಮೇಲ್ವಿಚಾರಕನನ್ನು ಕೇಳಿ ಸುರುಳಿಯ ಕೊನೆಯಲ್ಲಿ ಉಳಿದ ತುಂಡುಗಳನ್ನು ಆರಿಸಿಕೊಂಡು ನಮ್ಮ ಹೊಲಿಗೆ ವಿಭಾಗದಲ್ಲಿ ಎರಡು ಕೋಟು ಹೊಲಿಸಿದೆ. ಮಣ್ಣುಗೆಂಪು ಬಣ್ಣದ ದಪ್ಪ ಪರದೆ ಬಟ್ಟೆ. ಅದನ್ನು ಹಾಕಿಕೊಂಡು ಹೋದ ಮೊದಲ ದಿನ ವರ್ಕ್‌ಶಾಪಿನಲ್ಲಿ ಎಲ್ಲರೂ ಎದ್ದುನಿಂತು 'ಮಹಾರಾಜರಿಗೆ ಜಯವಾಗಲಿ' ಅಂದರಂತೆ. ಇವನು ಬಿಡುತ್ತಾನೆಯೇ? ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಮೈಮೇಲಿನ ಕೋಟಿನ ಅಂಚಿಗೇ ಕಡ್ಡಿ ಗೀರಿ ಹಿಡಿದನಂತೆ. ಅಂಚು ಕಪ್ಪಾಯಿತು, ಕಡ್ಡಿ ತೆಗೆದೊಡನೆ ಆರಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಆ ಆಟವನ್ನು ಅವನಿಗೆ ಕಲಿಸಿದವನು ನಾನೇ. ಹೊಸಬರು ಯಾರು ನನ್ನ ಕೋಣೆಗೆ ಬಂದರೂ ನಾನು ಮಾಡಿ ತೋರಿಸುತ್ತಿದ್ದದ್ದು ಅದನ್ನೇ. ಅಲ್ಲಿಂದ ಮುಂದೆ ಅವನು ಕಿಡಿ ಬಿದ್ದರೆ ತಟ್ಟಿ ಆರಿಸುವ ಅಭ್ಯಾಸವನ್ನೇ ಬಿಟ್ಟುಬಿಟ್ಟ. ಅದೇ ಆರುತ್ತದಲ್ಲ, ಯಾಕೆ ತಟ್ಟಬೇಕು?

ಕೋಟು ಕೊಟ್ಟ ದಿನ ಹೇಳಿದ್ದೆ. "ನೋಡು, ಇದಕ್ಕೆ ನೀರು ತಾಗಿಸಬಾರದು. ಒಗೆಯೋ ಹಾಗೇ ಇಲ್ಲ. ಕೊಳೆಯಾದ್ರೆ ಬ್ರಷ್ಷಲ್ಲಿ ಉಜ್ಜು, ಅಷ್ಟೇ."

"ಅಮ್ಮನ ಕೈಗೆ ಸಿಕ್ಕಿದ್ರೆ?"

"ಸಿಗದ ಹಾಗೆ ನೋಡ್ಕೋ."

ಇಬ್ಬರೂ ನಕ್ಕೆವು. ಯಾಕೆ ನಕ್ಕೆವು ಅಂತ ಹೇಳಬೇಕಾದರೆ ಅಮ್ಮನ ವಿಷಯ ಹೇಳಬೇಕು. ಅಮ್ಮ ಮೂವತ್ತೊಂದು ವರ್ಷ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆದವಳು. ಅಪ್ಪ ಹೋದಾಗ ತಮ್ಮ ತೊಟ್ಟಿಲಲ್ಲಿದ್ದ. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಊಟದ ಮೇಜಿನ ಬಟ್ಟೆ ಒಗೆದೇ ನಮ್ಮಿಬ್ಬರನ್ನು ಸಾಕಿದಳು. ಕೈಬೆರಳುಗಳ ಗಿಣ್ಣು ಶುಂಠಿಯ ಹಾಗಾಗಿವೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಅವರ ತಂತಿಯ ಮೇಲಿನ ಬಟ್ಟೆ ನೋಡುತ್ತಾಳೆ, ಮುಖ ಆಮೇಲೆ. ಕೊನೆಯ ಸಲ ಜಾಲಿಸಿದ ನೀರು ಕುಡಿಯುವ ಹಾಗಿದ್ದರೆ ಮಾತ್ರ ಬಟ್ಟೆ ಒಗೆದ ಹಾಗೆ ಅನ್ನುವುದು ಅವಳ ಲೆಕ್ಕ. ಅಂಥವಳಿಗೆ ಹೋಗಿ 'ಇದನ್ನು ಒಗೆಯಬೇಡ' ಅನ್ನುವುದಕ್ಕೆ ನಮಗಿಬ್ಬರಿಗೂ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಕಿಡಿ ಬಿದ್ದು ಮೈಗೇ ಬೆಂಕಿ ಹತ್ತಬಹುದು ಅನ್ನಬೇಕು, ಆಮೇಲೆ ಅವಳ ಕಣ್ಣಿಗೆ ನಿದ್ದೆ ಇರುವುದಿಲ್ಲ. ಉರಿಯದ ಬಟ್ಟೆ ಅಂತ ತಮ್ಮ ಕೋಟು ತಂದ ದಿನ ಒಂದರ ಅಂಚಿಗೆ ಕಡ್ಡಿ ಗೀರಿ ಅವಳಿಗೂ ತೋರಿಸಿದ್ದ, ಅವಳಿಗೆ ಅದು ಬರೀ ತಮಾಷೆಯಾಗಿತ್ತು. ಇಷ್ಟಕ್ಕೂ ಕೋಟು ಇರುವುದು ವರ್ಕ್‌ಶಾಪಿನ ಲಾಕರಿನಲ್ಲಿ. ಎಂಟು ತಿಂಗಳು ಹೀಗೇ ಸಾಗಿತು.

ಒಂದು ಶನಿವಾರ ತಮ್ಮನಿಗೆ ಕೆಲಸದ ನಡುವೆ ಚಳಿಜ್ವರ ಬಂತು. ಬೆಚ್ಚಗಿರಲಿ ಅಂತ ಕೋಟು ಹಾಕಿಕೊಂಡೇ ಮನೆಗೆ ಬಂದು ಮಲಗಿಬಿಟ್ಟ. ಭಾನುವಾರದ ಊಟ ನನಗೆ ಯಾವಾಗಲೂ ಅಮ್ಮನ ಮನೆಯಲ್ಲೇ. ನನ್ನ ಮನೆ ಎರಡು ಬೀದಿ ಆಚೆ. ಹೋಗುವಾಗಲೇ ಹಿತ್ತಿಲ ತಂತಿಯ ಮೇಲೆ ಮಣ್ಣುಗೆಂಪು ಕಂಡಿತು.

ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. "ನೋಡಿದ್ಯೇನೋ ನಿನ್ನ ತಮ್ಮನ ಕೋಟು? ಎಂಟು ತಿಂಗಳಿಂದ ನೀರು ಕಂಡಿಲ್ಲ ಅದು! ಗಬ್ಬು ನಾತ. ನಿನ್ನೆಯಿಂದ ಬಿಸಿನೀರಲ್ಲಿ ನೆನೆಹಾಕಿ ಇವತ್ತು ಉಜ್ಜಿದೆ. ಏಳು ನೀರು ಬದಲಾಯಿಸಿದೆ ಕಣೋ, ಏಳು! ಮೊದಲನೇ ನೀರು ನೋಡಬೇಕಿತ್ತು ನೀನು, ಟಾರಿನ ಹಾಗಿತ್ತು. ಕೊನೇದು ಕುಡಿಯೋ ಹಾಗೆ."

ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಆ ಕಳೆ ನೋಡಿದೆ. ಹೋಟೆಲಿನ ಮ್ಯಾನೇಜರು ಹೊಗಳಿದ ದಿನ ಹಾಗೆ ಬರುತ್ತಿದ್ದಳು ಮನೆಗೆ. 'ಭೇಷ್ ಅಮ್ಮ' ಅಂದೆ. ಅದೊಂದೇ ಮಾತು ನನ್ನ ಬಾಯಿಂದ ಬಂದದ್ದು.

ಊಟವಾಯಿತು. ಸಂಜೆ ಅವಳೇ, "ನೀನು ಎತ್ತರ ಇದ್ದೀಯ, ತಂತಿಯಿಂದ ಕೋಟು ತೆಗೆದ್ಕೊಡು" ಅಂದಳು. ತೆಗೆದೆ. ಬಟ್ಟೆ ಮೆತ್ತಗಾಗಿತ್ತು, ಜುಂಗು ಎದ್ದುನಿಂತಿತ್ತು, ಸೋಪಿನ ವಾಸನೆ. ಅವಳು ಆಚೆ ತಿರುಗಿದಾಗ ತೋಳಿನ ತುದಿಗೆ ನಾಲಿಗೆ ತಾಗಿಸಿದೆ. ಸಪ್ಪೆ. ಮಡಿಸಿ ಅವಳ ಕೈಗೆ ಕೊಟ್ಟೆ, ಅವಳು ಇಸ್ತ್ರಿ ಹಾಕಿದಳು. ಹೊರಡುವಾಗ ಗೇಟಿನ ಹತ್ತಿರ ತಮ್ಮನಿಗೆ ಪಿಸುಗುಟ್ಟಿದೆ: "ಅದು ಹೋಯ್ತು. ನಾಳೆ ಸಂಜೆ ನನ್ನ ಹತ್ತಿರ ತಗೊಂಡ್ಬಾ, ಮತ್ತೆ ಅದ್ದಿಕೊಡ್ತೀನಿ." ಅವನು, "ಆಯ್ತಣ್ಣ" ಅಂದ. 'ನಾಳೆ ಹಾಕ್ಕೋಬೇಡ' ಅಂತ ಎರಡು ಮಾತು ಸೇರಿಸಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ಅವನಿಗೆ ಶಾಲು ಹೊದಿಸಲು ಹೊರಗೆ ಬಂದಳು, ನಾನು ಬಾಯಿ ಮುಚ್ಚಿಕೊಂಡೆ. ಲಾಕರಿನಲ್ಲಿ ಒಗೆಯದ ಎರಡನೆಯ ಕೋಟು ಇದೆಯಲ್ಲ, ಅದನ್ನೇ ಹಾಕಿಕೊಳ್ಳುತ್ತಾನೆ ಅಂದುಕೊಂಡೆ. ನನಗೆ ನಾನೇ ಹೇಳಿಕೊಂಡ ಸಮಾಧಾನ ಅದು. ಹಾಳು ಸಮಾಧಾನ.

ಅವನು ಒಗೆದದ್ದನ್ನೇ ಹಾಕಿಕೊಂಡ. ಅವನ ಜೊತೆ ಕೆಲಸ ಮಾಡುವ ದಪ್ಪಣ್ಣ ಆಮೇಲೆ ಹೇಳಿದ. ಬೆಳಿಗ್ಗೆ ಬಂದವನೇ ಕಾಲರು ಮೂಸಿ ತೋರಿಸಿ, "ನೋಡ್ರೋ, ನಮ್ಮಮ್ಮ ಒಗೆದಿದ್ದು, ಇವತ್ತು ನಾನು ಮದುಮಗ" ಅಂದನಂತೆ. ಬಸ್ಸಿನ ಅಡಿಗೆ ಹೋಗಿ ಮಲಗಿದನಂತೆ. ಎದೆಯ ಮೇಲೆ ಕಿಡಿ ಬಿತ್ತು, ಎಂದಿನಂತೆ ತಟ್ಟಲಿಲ್ಲ. ದಪ್ಪಣ್ಣ ಕಾಲು ಹಿಡಿದು ಎಳೆದು ಹೊರಗೆ ತರುವಷ್ಟರಲ್ಲಿ ಉರಿ ಕುತ್ತಿಗೆಯವರೆಗೆ ಬಂದಿತ್ತು.

ಹನ್ನೊಂದು ದಿನ ಇದ್ದ. ನಾಲ್ಕನೆಯ ದಿನ ಮಧ್ಯಾಹ್ನ, ಅಮ್ಮ ನೀರು ತರಲು ಹೋದಾಗ ನನ್ನನ್ನು ಕಣ್ಣಲ್ಲೇ ಹತ್ತಿರ ಕರೆದ.

"ಅಣ್ಣ, ಅಮ್ಮಂಗೆ ಹೇಳ್ಬೇಡ."

"ಏನನ್ನ?"

"ನಾಟಕ ಆಡ್ಬೇಡ. ಗೊತ್ತಲ್ಲ ನಿಂಗೆ. ನೀನು ಹೇಳಿದ್ದೆ, ನಾನೇ ಅಸಡ್ಡೆ ಮಾಡ್ದೆ. ಘಮ್ ಅಂತಿತ್ತು ಕಣಣ್ಣ, ಹಾಕ್ಕೊಂಡ್ಬಿಟ್ಟೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಅಮ್ಮ ಒಗೆದಿದ್ದಕ್ಕೆ ಅಂತ ಗೊತ್ತಾದ್ರೆ ಬದುಕಲ್ಲ ಅವಳು. ಹೇಳಲ್ಲ ಅನ್ನು."

"ಹೇಳಲ್ಲ."

"ನನ್ನ ಮೇಲಾಣೆ?"

"ನಿನ್ನ ಮೇಲಾಣೆ ಕಣೋ, ಸುಮ್ಮನೆ ಮಲಗು."

ಅವನು ಹೋದ ಮೇಲೆ ಆಸ್ಪತ್ರೆಯವರು ಒಂದು ಚೀಲ ಕೊಟ್ಟರು. ಅದರಲ್ಲಿ ಅವನ ಬೆಲ್ಟು, ಬೀಗದ ಕೈ, ಕತ್ತರಿಸಿ ತೆಗೆದ ಕೋಟಿನ ಒಂದು ತೋಳು. ಸುಡದೆ ಉಳಿದ ತೋಳು. ಅದನ್ನು ನನ್ನ ಕೋಣೆಗೆ ಒಯ್ದೆ. ಯಾಕೆ ಅಂತ ಕೇಳಬೇಡಿ. ಒಂದು ಕೂದಲೆಳೆಯಷ್ಟು ಆಸೆ ಇತ್ತು, ಒಗೆದದ್ದರಿಂದ ಅಲ್ಲ, ಬೇರೆ ಏನೋ ಇರಬಹುದು ಅಂತ. ಒಂದು ಪಟ್ಟಿ ಕತ್ತರಿಸಿ ಪೆಟ್ಟಿಗೆಯಲ್ಲಿ ನೇತುಹಾಕಿ ಕೆಳಗಿನಿಂದ ಉರಿ ಹಿಡಿದೆ. ಹನ್ನೆರಡು ಸೆಕೆಂಡು ಬೇಕಾಗಲಿಲ್ಲ. ಐದಕ್ಕೆ ಪಟ್ಟಿ ಮೇಲಿನ ಕೊಕ್ಕೆಯವರೆಗೆ ಹೊತ್ತಿ ಮುಗಿದಿತ್ತು. ಪಕ್ಕದಲ್ಲೇ ಅದೇ ಸುರುಳಿಯ ಒಗೆಯದ ತುಂಡು ಹಾಕಿದೆ. ನಾಲ್ಕು ಬೆರಳಗಲ ಕರಕಾಗಿ ಸುಮ್ಮನಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾಗಿಲು ಹಾಕಿಕೊಂಡು ಗೋಳೋ ಅಂತ ಅತ್ತೆ.

ಅಮ್ಮ ಮೊದಲ ವಾರ ಏನನ್ನೂ ಕೇಳಲಿಲ್ಲ. ಎರಡನೆಯ ವಾರ ಶುರುಮಾಡಿದಳು. "ಉರಿಯಲ್ಲ ಅಂದಿದ್ಯಲ್ಲೋ ಆ ಕೋಟು? ನನ್ನ ಕಣ್ಣೆದುರಿಗೇ ಕಡ್ಡಿ ಗೀರಿ ತೋರಿಸಿದ್ದ ಅವನು. ಮತ್ತೆ ಯಾಕೆ ಉರೀತು?" ನಾನು ಏನೇನೋ ಹಾರಿಸಿದೆ. ಅವಳು ಬಿಡಲಿಲ್ಲ. ಬೆಳಿಗ್ಗೆ ಕೇಳಿದಳು, ಸಂಜೆ ಕೇಳಿದಳು. ಪಕ್ಕದ ಮನೆಯವರನ್ನು ಕೇಳಿದಳು. ಹೀಗೇ ಬಿಟ್ಟರೆ ವರ್ಕ್‌ಶಾಪಿಗೇ ಹೋಗಿ ಕೇಳುತ್ತಾಳೆ, ಅಲ್ಲಿ ಯಾರಾದರೂ 'ಒಗೆದ ದಿನವೇ ಹೀಗಾಯಿತಲ್ಲ' ಅಂದುಬಿಟ್ಟರೆ? ಅದಕ್ಕೆ ಒಂದು ಸುಳ್ಳು ಕಟ್ಟಿದೆ. ಆ ಕೋಟಿನ ಬಟ್ಟೆಯನ್ನು ನಾನು ಪರೀಕ್ಷೆ ಮಾಡಿರಲಿಲ್ಲ, ಉಪ್ಪು ಸರಿಯಾಗಿ ಹಿಡಿಯದ ಸುರುಳಿಯಿಂದ ಬಂದದ್ದು, ತಪ್ಪು ನನ್ನದು ಅಂದೆ.

ಅಮ್ಮ ನನ್ನನ್ನೇ ನೋಡಿದಳು. "ಊರವರ ಪರದೆಯನ್ನೆಲ್ಲ ಸುಟ್ಟು ಸುಟ್ಟು ನೋಡ್ತೀಯ. ಒಡಹುಟ್ಟಿದವನ ಕೋಟು ನೋಡ್ಲಿಲ್ವಾ ನೀನು?"

ನಾನು ತಲೆ ತಗ್ಗಿಸಿದೆ.

"ಎದ್ದು ಹೋಗು. ನಿನ್ನ ಮುಖ ತೋರಿಸ್ಬೇಡ ನಂಗೆ."

ಎದ್ದು ಹೋದೆ. ನಿಜ ಹೇಳಬೇಕೆಂದರೆ ಆ ಮಾತಿನಿಂದ ಸ್ವಲ್ಪ ಹಗುರವೇ ಆಯಿತು. ಬೈಸಿಕೊಳ್ಳಬೇಕಾದವನು ಬೈಸಿಕೊಂಡಿದ್ದೆ, ಕಾರಣ ಬೇರೆಯಾದರೇನು? ಮೂವತ್ತೈದು ದಿನ ಆ ಬೀದಿಯ ಕಡೆ ತಲೆ ಹಾಕಲಿಲ್ಲ. ಒಂದು ಭಾನುವಾರ ಅವಳೇ ನನ್ನ ಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಊಟದ ಡಬ್ಬಿ. ಇನ್ನೂ ಬಿಸಿಯಿತ್ತು.

"ತಿನ್ನು. ಎಷ್ಟು ಇಳಿದುಹೋಗಿದ್ದೀಯ, ಮೊದಲೇ ಕಡ್ಡಿ." ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟಳು. "ಬೇಕು ಅಂತ ಮಾಡಿದ್ದಲ್ಲ ನೀನು. ಯಾರಿಗೆ ತಪ್ಪಾಗಲ್ಲ? ನಿನ್ನ ಹೊಟ್ಟೇಲೂ ಉರಿ ಇರುತ್ತೆ, ನಂಗೊತ್ತಾಗಲ್ವಾ? ಇರೋನು ನೀನೊಬ್ಬ. ನಿನ್ನನ್ನೂ ದೂರ ಮಾಡ್ಕೊಂಡು ನಾನು ಏನು ಮಾಡ್ಲಿ?"

ಬೈದಾಗ ಬರದ ಅಳು ಆಗ ಬಂತು. ಅವಳು ನನ್ನ ಬೆನ್ನು ಸವರಿದಳು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತ್ತು, ಮಾಡಿದ್ದು ಹಾಗೇ ಒಳಗೆ ಕೂತಿತ್ತು. ಡಬ್ಬಿ ಖಾಲಿ ಮಾಡಿದೆ. ಆವತ್ತಿನಿಂದ ಮತ್ತೆ ಭಾನುವಾರ ಅಮ್ಮನ ಮನೆಗೆ ಹೋಗತೊಡಗಿದೆ.

ಲಾಕರಿನಲ್ಲಿ ಎರಡನೆಯ ಕೋಟು ಉಳಿದಿದೆ ಅನ್ನುವುದು ನನಗೆ ಗೊತ್ತಿತ್ತು. ಆ ವರ್ಕ್‌ಶಾಪಿನ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಇರಲಿ, ಅದು ಒಗೆಯದ್ದು, ಯಾರು ಹಾಕಿಕೊಂಡರೂ ಕ್ಷೇಮ ಅಂತ ಬಿಟ್ಟೆ. ನೋಡಿ, ಮತ್ತೆ ಅದೇ ಹಾಳು ಸಮಾಧಾನ. ಬುದ್ಧಿ ಕಲಿಯುವ ಜನ್ಮವಲ್ಲ ನನ್ನದು.

ಒಂದು ಭಾನುವಾರ ಸ್ವಲ್ಪ ಬೇಗನೇ ಹೋದೆ. ಹತ್ತೂವರೆ ಇರಬಹುದು. ಮುಂಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ, ಹಿತ್ತಿಲಿನಿಂದ ಮಾತು ಕೇಳಿಸುತ್ತಿತ್ತು. ಅಡುಗೆಮನೆ ದಾಟುವಾಗ ಮೇಜಿನ ಮೇಲೆ ತಮ್ಮನ ಊಟದ ಡಬ್ಬಿ, ಟೋಪಿ, ಬೆಂಕಿಪೊಟ್ಟಣ ಇಟ್ಟಿದ್ದು ಕಂಡಿತು. ಯಾರೋ ಲಾಕರು ಖಾಲಿ ಮಾಡಿ ತಂದುಕೊಟ್ಟಿದ್ದಾರೆ ಅನ್ನುವುದು ತಲೆಗೆ ಹೋಯಿತು. ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಇತ್ತು, ಇನ್ನೂ ಬೆಚ್ಚಗೆ.

ಹಿತ್ತಿಲ ಬಾಗಿಲಿಗೆ ಬಂದೆ. ತಂತಿಯ ಕೆಳಗೆ ದಪ್ಪಣ್ಣ ನಿಂತಿದ್ದ. ಮೈಮೇಲೆ ಮಣ್ಣುಗೆಂಪು ಕೋಟು. ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ಅಮ್ಮ ಎದುರಿಗೆ ನಿಂತು ಅವನ ಭುಜದ ಹತ್ತಿರ ಬಟ್ಟೆ ಎಳೆದು ಸರಿಮಾಡುತ್ತಿದ್ದಳು.

"ಹೊಟ್ಟೆ ಸ್ವಲ್ಪ ಕರಗಿಸಪ್ಪಾ, ಎರಡು ಗುಂಡಿ ನಾನು ಈಚೆಗೆ ಹಾಕಿಕೊಡ್ತೀನಿ. ನೀನೇ ಇಟ್ಕೋ. ಅವನನ್ನ ಎಳೆದು ಹೊರಗೆ ತಂದವನು ನೀನು. ಇದಂತೂ ಒಳ್ಳೇ ಬಟ್ಟೇದೇ, ಅವನೇ ನನಗೆ ಕಡ್ಡಿ ಗೀರಿ ತೋರಿಸಿದ್ದು ಇದರಲ್ಲೇ. ನೋಡು, ಅಂಚಲ್ಲಿ ಇನ್ನೂ ಕಪ್ಪು ಇದೆ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ."

"ಅಯ್ಯೋ, ಆ ಆಟ ನಮಗೆ ದಿನಾ ತೋರಿಸ್ತಿದ್ನಲ್ಲಮ್ಮ!" ಅಂದ ದಪ್ಪಣ್ಣ. "ಊಟದ ಹೊತ್ತಿಗೆ ಒಂದು ಕಡ್ಡಿ ಗೀರಲೇಬೇಕು ಅವನು. ಇರಿ, ಅವನ ಹಾಗೇ ಮಾಡಿ ತೋರಿಸ್ತೀನಿ."

ಅಮ್ಮ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ. ದಪ್ಪಣ್ಣ ಜೇಬಿನಿಂದ ಲೈಟರು ತೆಗೆದು, ಬೇಡ ಅಂತ ವಾಪಸ್ಸು ಹಾಕಿ, ಇನ್ನೊಂದು ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ತಮ್ಮ ಮಾಡುತ್ತಿದ್ದ ಹಾಗೇ ಒಂದು ಕೈಯಲ್ಲಿ ಕೋಟಿನ ಅಂಚು ಎತ್ತಿ ಹಿಡಿದ. ಕಡ್ಡಿ ಗೀರಿದ.

"ಆರಿಸೋ!" ನನ್ನ ಗಂಟಲು ಹರಿಯಿತು. "ಒಗೆದಿದೆ ಅದು! ಒಗೆದ್ರೆ ಉರಿಯುತ್ತೆ, ಆರಿಸೋ!"

ದಪ್ಪಣ್ಣನ ಕೈಯಿಂದ ಕಡ್ಡಿ ಜಾರಿ ಒದ್ದೆ ನೆಲಕ್ಕೆ ಬಿದ್ದು ಚುಯ್ ಅಂದಿತು. ನಾನು ನುಗ್ಗಿ ಹೋಗಿ ಕೋಟನ್ನು ಅವನ ಮೈಯಿಂದ ಕಿತ್ತು ತೆಗೆದೆ. ಒಂದು ಗುಂಡಿ ಹಾರಿಹೋಯಿತು. ಅವನು ಹೆದರಿ ಗೋಡೆಗೆ ಒರಗಿದ. "ನಂಗೇನೂ ಆಗಿಲ್ಲಣ್ಣ, ನಂಗೇನೂ ಆಗಿಲ್ಲ" ಅನ್ನುತ್ತಲೇ ಇದ್ದ.

ಅಮ್ಮ ನಿಂತಲ್ಲೇ ನಿಂತಿದ್ದಳು. "ಏನಂದೆ?"

"ಏನಿಲ್ಲಮ್ಮ. ಇದೂ ಅದೇ ಸುರುಳಿದು, ಅದಕ್ಕೆ..."

"ಒಗೆದ್ರೆ ಅಂದೆ."

ಎರಡು ತಿಂಗಳು ಹತ್ತು ದಿನದಿಂದ ಹಲ್ಲು ಕಚ್ಚಿ ಹಿಡಿದುಕೊಂಡಿದ್ದು ಒಂದೇ ಕೂಗಿಗೆ ಹೋಗಿತ್ತು. ಅದನ್ನು ಮತ್ತೆ ಒಳಗೆ ತುಂಬುವುದು ಹೇಗೆ ಅಂತ ಯೋಚಿಸಿದೆ. ಹೊಳೆಯಲಿಲ್ಲ. ಬಟ್ಟೆಯ ವಿಷಯದಲ್ಲಿ ಅಮ್ಮನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ನೀರಿನಲ್ಲಿ ಏನು ಹೋಗುತ್ತದೆ, ಏನು ಉಳಿಯುತ್ತದೆ ಅನ್ನುವುದೇ ಅವಳ ಜೀವಮಾನದ ಕೆಲಸವಾಗಿತ್ತು. ಅವಳು ಒಂದೊಂದಾಗಿ ಜೋಡಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಉಪ್ಪಿನ ನೀರಲ್ಲಿ ಅದ್ದಿರ್ತೀವಿ ಅಂತಿದ್ಯಲ್ಲ" ಅಂದಳು. "ಆ ಉಪ್ಪು."

"ಹೌದಮ್ಮ."

"ಒಂದು ನೀರಿಗೇ ಹೋಗುತ್ತಾ? ಇಲ್ಲ, ಏಳು ಬದಲಾಯಿಸಿದ್ದಕ್ಕೆ ಹೋಯ್ತಾ?"

"ಒಂದಕ್ಕೇ ಹೋಗುತ್ತೆ. ಏಳು ಅಂತೇನಿಲ್ಲ. ನೀನು ಜಾಸ್ತಿ ಒಗೆದಿದ್ದಕ್ಕಲ್ಲಮ್ಮ."

ಎಂಥ ಮಾತು ಆಡಿದೆ ನೋಡಿ! ಅದನ್ನೇ ಸಮಾಧಾನ ಅಂದುಕೊಂಡು ಹೇಳಿದೆ. ಅಮ್ಮ ತನ್ನ ಎರಡೂ ಕೈಗಳನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ. ಮತ್ತೆ ಒರೆಸಿಕೊಂಡಳು. ದಪ್ಪಣ್ಣ ಗೋಡೆಯ ಪಕ್ಕದಿಂದಲೇ ಸದ್ದಿಲ್ಲದೆ ಹೊರಟುಹೋದ. ಗೇಟು ಮುಚ್ಚಿದ ಸದ್ದು ಬಂತು.

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ."

ಅವಳು ತಲೆಯಾಡಿಸಿದಳು, ಅವನು ಹಾಗೆ ಮಾಡುವವನೇ ಅನ್ನುವ ಹಾಗೆ. ಆಮೇಲೆ ತಂತಿಯ ಕಡೆ ನೋಡಿದಳು. ಮುಂದೆ ಯಾವ ಪ್ರಶ್ನೆ ಬರುತ್ತದೆ ಅನ್ನುವುದು ನನಗೆ ಗೊತ್ತಾಯಿತು. ಓಡಿಹೋಗಬೇಕು ಅನ್ನಿಸಿತು.

"ಆ ಭಾನುವಾರ" ಅಂದಳು, "ತಂತಿಯಿಂದ ಕೋಟು ತೆಗೆದು ಮಡಿಸಿಕೊಟ್ಟಿದ್ದು ನೀನಲ್ವೇನೋ?"

"ಹೌದು."

"ಆಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಭೇಷ್ ಅಂದೆ ನೀನು."

ನಾನು ಬಗ್ಗಿ, ಹಾರಿಬಿದ್ದ ಗುಂಡಿಯನ್ನು ನೆಲದಿಂದ ಹೆಕ್ಕಿಕೊಂಡೆ.

"ಯಾಕೋ ಹೇಳ್ಲಿಲ್ಲ? ನಿಂತಿದ್ನಲ್ಲ ನಾನು ಇಲ್ಲೇ. ಒಂದು ಮಾತು. ಇದನ್ನ ಹಾಕ್ಕೊಂಡ್ರೆ ಸುಟ್ಟುಹೋಗ್ತಾನೆ ಕಣಮ್ಮ ಅಂತ ಒಂದು ಮಾತು ಹೇಳೋದಕ್ಕೆ ಏನಾಗಿತ್ತು ನಿಂಗೆ?"

ಬೇರೆ ಉತ್ತರ ಇದ್ದರೆ ಕೊಡುತ್ತಿದ್ದೆ. ಇದ್ದದ್ದು ಒಂದೇ.

"ನೀನು ಬೇಜಾರು ಮಾಡ್ಕೋತೀಯ ಅಂತ."

ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ, ಎದ್ದು ಹೋಗು ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಕಾಲ ಬಳಿ ಕೋಟು ಕೆಸರಿನಲ್ಲಿ ಬಿದ್ದಿತ್ತು. ಬಗ್ಗಿ ಅದನ್ನು ಎತ್ತಿಕೊಂಡಳು, ಕೊಡವಿದಳು, ಕೆಸರು ಹತ್ತಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ನಲ್ಲಿಯ ಹತ್ತಿರ ಹೋಗಿ ಕೂತು ಬಕೆಟ್ಟಿನೊಳಗೆ ಹಾಕಿದಳು. ನಲ್ಲಿಯ ಮೇಲೆ ಕೈಯಿಟ್ಟಳು. ತಿರುಗಿಸಲಿಲ್ಲ. ಬಿಸಿಲು ಮನೆಯ ಮಾಡು ದಾಟಿ ಆಚೆ ಹೋಗುವವರೆಗೂ ಹಾಗೇ ಕೂತಿದ್ದಳು. ನಾನು ಕರೆದೆ, ಅವಳಿಗೆ ಕೇಳಿಸಲಿಲ್ಲ.

ಇದೆಲ್ಲ ಆಗಿ ಒಂದು ವರ್ಷವಾಗುತ್ತ ಬಂತು. ಅಮ್ಮ ಆಮೇಲೆ ಬಟ್ಟೆ ಒಗೆದಿಲ್ಲ. ಒಂದು ಕರವಸ್ತ್ರ ಕೂಡ ಒಗೆದಿಲ್ಲ. ಉಟ್ಟದ್ದನ್ನೇ ನಾಲ್ಕು ದಿನ ಉಡುತ್ತಾಳೆ, ಕಾಲರಿನಲ್ಲಿ ಕೊಳೆಯಿರುವ ಅಂಗಿ ತೊಟ್ಟು ನಾನು ಎದುರಿಗೆ ನಿಂತರೂ ನೋಡುವುದಿಲ್ಲ. ಭಾನುವಾರ ನಾನು ಹೋಗಿ ಹಿತ್ತಿಲಲ್ಲಿ ಕೂತು ಅವಳ ಬಟ್ಟೆ ಒಗೆಯುತ್ತೇನೆ. ಏಳು ನೀರು ಬದಲಾಯಿಸುತ್ತೇನೆ. ಕೊನೆಯ ನೀರನ್ನು ಲೋಟದಲ್ಲಿ ಹಿಡಿದು, "ಅಮ್ಮ, ಸರಿಯಾಯ್ತಾ ನೋಡು" ಅಂತ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ಕೇಳುತ್ತೇನೆ. ಅವಳು ಆ ಕಡೆ ಮುಖ ಮಾಡಿಕೊಂಡು ಕೂತಿರುತ್ತಾಳೆ.